ಒಪ್ಪಿಗೆ ಕೊಟ್ಟಿದ್ದು ನಾನಲ್ಲ: ಮಗನ ಖಾತೆಯ ಪೋಷಕರ ಅನುಮತಿಯನ್ನು ಮತ್ತೆ ನಮ್ಮ ಕೈಗೆ ತೆಗೆದುಕೊಳ್ಳುವುದು ಹೇಗೆ?

ಶಿಡ್ಲಘಟ್ಟದ ರೀಲರ್

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ನಡೆಸುತ್ತೇನೆ. ಮಗನಿಗೆ 14 ವರ್ಷ, ಒಂಬತ್ತನೇ ತರಗತಿ, ಮಗಳಿಗೆ 11. ಮೂರು ವರ್ಷದ ಹಿಂದೆ ಮಗನಿಗೆ ಫೋನು ಕೊಡಿಸಿದಾಗ ನನ್ನ ಭಾವಮೈದ ಅವನ ನಿಜವಾದ ಹುಟ್ಟಿದ ದಿನಾಂಕವನ್ನೇ ಕೊಟ್ಟು ಗೂಗಲ್ ಖಾತೆ ತೆರೆದು, ಫ್ಯಾಮಿಲಿ ಲಿಂಕ್ ಎಂಬ ಆ್ಯಪ್‌ನ ಮೂಲಕ ಅದನ್ನು ನನ್ನ ಖಾತೆಗೆ ಜೋಡಿಸಿ ಕೊಟ್ಟಿದ್ದ. ಹೊಸ ಆ್ಯಪ್ ಬೇಕಾದರೆ ನನ್ನ ಫೋನಿಗೆ ಕೋರಿಕೆ ಬರಬೇಕು, ನಾನು ಒಪ್ಪಿದ ಮೇಲಷ್ಟೇ ಅದು ಅವನ ಫೋನಿಗೆ ಇಳಿಯಬೇಕು, ರಾತ್ರಿ 9ಕ್ಕೆ ಫೋನು ತಾನಾಗಿ ಮುಚ್ಚಿಕೊಳ್ಳಬೇಕು ಎಂಬುದು ಏರ್ಪಾಡು. ಮೊದಲ ವರ್ಷ ಕೋರಿಕೆಗಳು ಬರುತ್ತಿದ್ದವು. ಆಮೇಲೆ ನಿಂತವು. ಹುಡುಗನಿಗೆ ಬುದ್ಧಿ ಬಂದಿದೆ, ಏನನ್ನೂ ಕೇಳುತ್ತಿಲ್ಲ ಎಂದು ನೆಂಟರ ಮುಂದೆ ಹೇಳಿಕೊಂಡದ್ದೂ ಉಂಟು.

ಕಳೆದ ಭಾನುವಾರ ಕುತೂಹಲಕ್ಕೆಂದು ಆ ಆ್ಯಪ್ ತೆರೆದು ನೋಡಿದೆ. ಮಗನ ಫೋನಿನಲ್ಲಿ ನಾನು ಹೆಸರೇ ಕೇಳಿರದ ಹತ್ತೊಂಬತ್ತು ಆ್ಯಪ್‌ಗಳಿವೆ. ರಾತ್ರಿ 9 ಎಂದಿದ್ದ ಸಮಯ 12.30 ಆಗಿದೆ. ಒಂದಕ್ಕೂ ನಾನು ಒಪ್ಪಿಗೆ ಒತ್ತಿದ ನೆನಪಿಲ್ಲ, ಏಕೆಂದರೆ ಒತ್ತಿದವನು ನಾನಲ್ಲ.

ಹೇಗಾಯಿತು ಎಂಬುದನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ರೇಷ್ಮೆಗೂಡು ಹಾಕಿ ನೂಲೆಳೆಯುವ ಬೇಸಿನ್ನಿನ ಬಿಸಿನೀರಿನಲ್ಲಿ ದಿನವೂ ಕೈಯಾಡಿಸಿ ನನ್ನ ಬೆರಳ ತುದಿಗಳು ಸುಲಿದು ನುಣ್ಣಗಾಗಿವೆ. ಹತ್ತು ಸಲ ಒತ್ತಿದರೆ ಒಂದು ಸಲ ಫೋನು ನನ್ನ ಬೆರಳನ್ನು ಗುರುತಿಸುತ್ತದೆ. ಗೂಡಿನ ಮಾರುಕಟ್ಟೆಯಲ್ಲಿ ಈಗ ಹರಾಜು ಮೊಬೈಲಿನಲ್ಲೇ ನಡೆಯುವುದರಿಂದ, ರಜೆಯ ದಿನಗಳಲ್ಲಿ ನಾನು ಜಾಲರಿಯಲ್ಲಿ ಸುರಿದ ಗೂಡನ್ನು ಮುಟ್ಟಿ, ಅಲ್ಲಾಡಿಸಿ ನೋಡಿ ದರ ಹೇಳುತ್ತೇನೆ, ಫೋನಿನಲ್ಲಿ ಒತ್ತುವವನು ಮಗ. ಫೋನು ತೆರೆಯುವುದು ತಡವಾಗಿ ಒಂದು ಒಳ್ಳೆಯ ಲಾಟು ಕೈತಪ್ಪಿದ ದಿನ ನಾನೇ ಅವನ ಹೆಬ್ಬೆರಳನ್ನೂ ನನ್ನ ಫೋನಿಗೆ ಸೇರಿಸಿದ್ದೆ. ಈಗ ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ 'ಬೆರಳಚ್ಚು 1', 'ಬೆರಳಚ್ಚು 2' ಎಂದಿದೆ. ಎರಡನೆಯದು ಅವನದು. ನನ್ನ ಪಿನ್ ಸಂಖ್ಯೆಯೂ ಅವನಿಗೆ ಬಾಯಿಪಾಠ.

ನನ್ನ ಪ್ರಶ್ನೆಗಳು ಇವು. ಅವನ ಶಾಲೆಯ ನೋಟ್ಸು, ಫೋಟೊಗಳು ಯಾವುದೂ ಕಳೆದುಹೋಗದಂತೆ ಈ ಅನುಮತಿಯ ಏರ್ಪಾಡನ್ನು ಮತ್ತೆ ಸರಿಪಡಿಸುವುದು ಹೇಗೆ? ಹರಾಜಿಗಾಗಿ ಫೋನನ್ನು ಅವನ ಕೈಗೆ ಕೊಡಲೇಬೇಕಾದ ನನ್ನಂಥವನು ಏನು ಮಾಡಬೇಕು? ಮಗಳ ಕೈಯಲ್ಲಿರುವ ಹಳೆಯ ಫೋನಿಗೆ ಅಂಗಡಿಯ ಹುಡುಗನೊಬ್ಬ ಎರಡು ನಿಮಿಷದಲ್ಲಿ ಖಾತೆ ಮಾಡಿಕೊಟ್ಟಿದ್ದ. ಅದರಲ್ಲಿ ಅವಳ ಹುಟ್ಟಿದ ವರ್ಷ 1999 ಎಂದಿದೆ. ಅದನ್ನು ತಿದ್ದಿದರೆ ಖಾತೆಯೇ ಹೋಗುತ್ತದೆ ಎನ್ನುತ್ತಾರೆ, ನಿಜವೇ? ಕೊನೆಯದಾಗಿ, ಅವನು ನನ್ನ ಹೆಸರಿನಲ್ಲಿ ಒತ್ತಿದ ಒಪ್ಪಿಗೆ ಕಾನೂನಿನ ಲೆಕ್ಕದಲ್ಲಿ ನನ್ನ ಒಪ್ಪಿಗೆಯೇ?

ಮಗನನ್ನು ಇನ್ನೂ ಏನೂ ಕೇಳಿಲ್ಲ.

ತುಮಕೂರಿನ ಕಂಪ್ಯೂಟರ್ ಮೇಷ್ಟ್ರು

ಸರ್, ನಮಸ್ಕಾರ. ಪ್ರೌಢಶಾಲೆಯೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವನಾಗಿ ಪ್ರತಿ ಪೋಷಕರ ಸಭೆಯಲ್ಲಿ ಇದೇ ಕತೆಯನ್ನು ಬೇರೆ ಬೇರೆ ರೂಪಗಳಲ್ಲಿ ಕೇಳುತ್ತೇನೆ. ತಂದೆತಾಯಿಯರು ಮಗುವಿನ ಫೋನಿಗೆ ಏಳು ಬೀಗ ಹಾಕಿ, ಆ ಏಳು ಬೀಗದ ಕೀಲಿಕೈ ಇರುವ ತಮ್ಮ ಫೋನನ್ನು ಊಟದ ಮೇಜಿನ ಮೇಲೆ ಬಿಟ್ಟಿರುತ್ತಾರೆ. ಆದ್ದರಿಂದ ಮಗನ ಫೋನಿಗೆ ಸದ್ಯ ಕೈ ಹಾಕಬೇಡಿ. ಸರಿಪಡಿಸಬೇಕಾದದ್ದು ನಿಮ್ಮ ಖಾತೆಯನ್ನು.

ಫ್ಯಾಮಿಲಿ ಲಿಂಕ್‌ನಲ್ಲಿ ಒಪ್ಪಿಗೆ ಎರಡು ದಾರಿಯಲ್ಲಿ ಹೋಗುತ್ತದೆ. ಒಂದು, ಕೋರಿಕೆ ನಿಮ್ಮ ಫೋನಿಗೆ ಬಂದು ಅಲ್ಲಿ ನೀವು ಒತ್ತುವುದು. ಇದಕ್ಕೆ ನಿಮ್ಮ ಫೋನು ತೆರೆದಿದ್ದರೆ ಸಾಕು, ಒತ್ತಿದ ಬೆರಳು ಯಾರದೆಂದು ಆ್ಯಪ್‌ಗೆ ತಿಳಿಯುವುದಿಲ್ಲ. ಇನ್ನೊಂದು, ಮಗುವಿನ ಫೋನಿನಲ್ಲೇ, ಪೋಷಕರು ಪಕ್ಕದಲ್ಲಿದ್ದಾರೆ ಎಂದು ಆರಿಸಿಕೊಂಡು, ಅಲ್ಲಿಯೇ ನಿಮ್ಮ ಗೂಗಲ್ ಪಾಸ್‌ವರ್ಡ್ ಟೈಪಿಸುವುದು. ಪಾಸ್‌ವರ್ಡ್ ಬಲ್ಲ ಹುಡುಗನಿಗೆ ನಿಮ್ಮ ಫೋನೂ ಬೇಕಾಗುವುದಿಲ್ಲ. ಇವೆರಡರ ಜೊತೆಗೆ, ಬೀಗ ಬಿದ್ದ ಮಗುವಿನ ಫೋನನ್ನು ಇಂಟರ್‌ನೆಟ್ ಇಲ್ಲದಾಗಲೂ ತೆರೆಯಲೆಂದು ಪೋಷಕರ ಆ್ಯಪ್‌ನಲ್ಲಿ ಒಂದು ಸಂಕೇತ ಸಂಖ್ಯೆ ಸಿಗುತ್ತದೆ. ಅದು ಆಗಾಗ ಬದಲಾಗುತ್ತಿದ್ದರೂ, ಆ್ಯಪ್ ತೆರೆಯಬಲ್ಲವನು ಅದನ್ನೂ ಓದಬಲ್ಲ. ರಾತ್ರಿಯ ಬೀಗ ಕೆಲಸ ಮಾಡದಿದ್ದುದಕ್ಕೆ ಸಮಯ ಬದಲಾಯಿಸಿದ್ದೊಂದೇ ಕಾರಣವಾಗಿರಲಿಕ್ಕಿಲ್ಲ.

ಹಾಗಾಗಿ ಮೊದಲು ನಿಮ್ಮ ಗೂಗಲ್ ಪಾಸ್‌ವರ್ಡ್ ಬದಲಾಯಿಸಿ. ಬದಲಾಯಿಸಿದ ತಕ್ಷಣ ಅದೇ ಖಾತೆಯ ಭದ್ರತೆಯ ಪುಟದಲ್ಲಿ 'ನಿಮ್ಮ ಸಾಧನಗಳು' ಎಂಬ ಪಟ್ಟಿಯನ್ನು ನೋಡಿ; ನಿಮ್ಮದಲ್ಲದ ಫೋನು ಅಥವಾ ಕಂಪ್ಯೂಟರ್ ಅಲ್ಲಿದ್ದರೆ ಹೊರಹಾಕಿ. ಎರಡು ಹಂತದ ಪರಿಶೀಲನೆಯನ್ನು, ಅಂದರೆ ಪಾಸ್‌ವರ್ಡ್ ಜೊತೆಗೆ ಒಟಿಪಿಯಂಥ ಇನ್ನೊಂದು ಖಾತ್ರಿಯನ್ನೂ ಕೇಳುವ ಏರ್ಪಾಡನ್ನು, ಹಾಕಿಕೊಳ್ಳಿ. ಒಟಿಪಿ ಬಂದಾಗ ಬೀಗ ಹಾಕಿದ ಪರದೆಯ ಮೇಲೆಯೇ ಅದರ ಅಂಕಿಗಳು ಕಾಣುವಂತಿದ್ದರೆ, ಆ ಸೂಚನೆಗಳ ಒಳವಿವರವನ್ನು ಮರೆಮಾಡುವ ಆಯ್ಕೆಯನ್ನೂ ಹಾಕಿ; ಇಲ್ಲವಾದರೆ ಎರಡನೇ ಹಂತವಿದ್ದೂ ಇಲ್ಲದಂತೆ.

ಇನ್ನು ಹರಾಜಿನ ಫೋನು. ಹೆಬ್ಬೆರಳನ್ನು ತೆಗೆಯಿರಿ ಎಂದು ಹೇಳುವುದು ಸುಲಭ, ಆದರೆ ನಿಮ್ಮ ಕಸುಬಿಗೆ ಅವನ ಬೆರಳು ಬೇಕು. ಹಾಗಿದ್ದ ಮೇಲೆ ಬೆರಳನ್ನು ಇಟ್ಟುಕೊಂಡು, ಪೋಷಕನ ಅಧಿಕಾರವನ್ನೇ ಆ ಫೋನಿನಿಂದ ಹೊರಗೆ ಸಾಗಿಸಿ. ನಿಮ್ಮ ಮನೆಯವರಿಗೆ ಬೇರೆ ಫೋನಿದ್ದರೆ ಅವರ ಗೂಗಲ್ ಖಾತೆಯನ್ನು ಕುಟುಂಬದ ಗುಂಪಿಗೆ ಸೇರಿಸಿ, 'ಪೋಷಕ' ಎಂಬ ಸ್ಥಾನ ಕೊಡಿ. ಒಂದು ಗುಂಪಿನಲ್ಲಿ ಆರು ಜನರಿಗೆ ಅವಕಾಶವಿದೆ, ಇಬ್ಬರು ಪೋಷಕರಿದ್ದರೆ ಯಾರು ಬೇಕಾದರೂ ಕೋರಿಕೆಗೆ ಉತ್ತರಿಸಬಹುದು. ಆಮೇಲೆ ಹರಾಜಿನ ಫೋನಿನಿಂದ ಫ್ಯಾಮಿಲಿ ಲಿಂಕ್ ತೆಗೆದುಹಾಕಿ. ಅಷ್ಟಕ್ಕೇ ನಿಲ್ಲಿಸಿದರೆ ಸಾಲದು. ನಿಮ್ಮ ಖಾತೆ ಆ ಫೋನಿನಲ್ಲಿ ಇರುವವರೆಗೂ ಬ್ರೌಸರ್‌ನಿಂದಲೂ ಅದೇ ಪುಟ ತೆರೆದುಕೊಳ್ಳುತ್ತದೆ. ಆದ್ದರಿಂದ ಆ ಫೋನಿಗೆ ವ್ಯಾಪಾರಕ್ಕೆಂದೇ ಇನ್ನೊಂದು ಗೂಗಲ್ ಖಾತೆ ಮಾಡಿಕೊಂಡು, ಪೋಷಕನ ಖಾತೆಯನ್ನು ಅಲ್ಲಿಂದ ಪೂರ್ತಿ ತೆಗೆಯುವುದು ಕ್ಷೇಮ. ತೆಗೆಯುವ ಮುನ್ನ ಗಿರಾಕಿಗಳ ನಂಬರುಗಳು ಯಾವ ಖಾತೆಯಲ್ಲಿ ಉಳಿದಿವೆ, ಹರಾಜಿನ ಆ್ಯಪ್ ಯಾವುದಕ್ಕೆ ಜೋಡಣೆಯಾಗಿದೆ ಎಂದು ನೋಡಿಕೊಳ್ಳಿ. ಸೋಮವಾರ ಬೆಳಿಗ್ಗೆ ಮಾರುಕಟ್ಟೆಯಲ್ಲಿ ನಿಂತು ನನಗೆ ಶಾಪ ಹಾಕಬಾರದಲ್ಲ!

ಮಗನ ಕಡತಗಳ ಬಗ್ಗೆ ಭಯ ಬೇಡ. ಪೋಷಕರ ಸೆಟ್ಟಿಂಗ್ ಬದಲಾದರೆ ಅವನ ಮೇಲ್, ಫೋಟೊ, ನೋಟ್ಸುಗಳಿಗೆ ಏನೂ ಆಗುವುದಿಲ್ಲ. ಸಿಟ್ಟಿನಲ್ಲಿ ಖಾತೆಯನ್ನೇ ಅಳಿಸುವ ಗುಂಡಿ ಮಾತ್ರ ಒತ್ತಬೇಡಿ. ಹತ್ತೊಂಬತ್ತು ಆ್ಯಪ್‌ಗಳಲ್ಲಿ ಬೇಡವಾದುದನ್ನು ನಿಮ್ಮ ಕಡೆಯಿಂದ ತಡೆಹಿಡಿಯಬಹುದು. ತಡೆದ ಆ್ಯಪ್ ಅವನಿಗೆ ತೆರೆಯುವುದಿಲ್ಲ, ಆದರೆ ಅದರೊಳಗೆ ಅವನು ಮಾಡಿಕೊಂಡ ಖಾತೆ ಆಯಾ ಕಂಪನಿಯಲ್ಲಿ ಹಾಗೆಯೇ ಉಳಿದಿರುತ್ತದೆ. ಅದನ್ನು ಪ್ರತ್ಯೇಕವಾಗಿ ಅಳಿಸಬೇಕು. ಇನ್ನೊಂದು ಸೂಕ್ಷ್ಮವಿದೆ: ಒಮ್ಮೆ ಒಪ್ಪಿದ ಆ್ಯಪ್ ಅಳಿಸಿ ಮತ್ತೆ ಹಾಕಿಕೊಂಡರೂ, ಆ್ಯಪ್ ಹೊಸ ಆವೃತ್ತಿಗೆ ಬದಲಾದರೂ ಮತ್ತೆ ಅನುಮತಿ ಕೇಳುವುದಿಲ್ಲ. ಆದ್ದರಿಂದ ಅವನು 'ಎಲ್ಲಾ ತೆಗೆದೆ ಅಪ್ಪ' ಎಂದರೂ ತಡೆಹಿಡಿಯುವ ಕೆಲಸವನ್ನು ನಿಮ್ಮ ಕಡೆಯಿಂದ ಮಾಡಿ. ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಇಳಿಸಿಕೊಳ್ಳುವ ಎಪಿಕೆ ಎಂಬ ಆ್ಯಪ್ ಕಡತಗಳು ಕೋರಿಕೆಯ ದಾರಿಗೇ ಬರುವುದಿಲ್ಲ. ಅಪರಿಚಿತ ಮೂಲಗಳಿಂದ ಆ್ಯಪ್ ಹಾಕುವುದನ್ನು ನಿಲ್ಲಿಸುವ ಆಯ್ಕೆ ಫ್ಯಾಮಿಲಿ ಲಿಂಕ್‌ನಲ್ಲಿ ಬೇರೆಯೇ ಇದೆ.

ಮಗಳ ಖಾತೆಯ ಸಂಗತಿ ಅರ್ಧ ನಿಜ. ನಮ್ಮ ದೇಶದಲ್ಲಿ ಗೂಗಲ್ ಖಾತೆಯನ್ನು ತಾನೇ ನೋಡಿಕೊಳ್ಳಲು 13 ವರ್ಷವಾಗಿರಬೇಕು. 1999 ಅನ್ನು ತಿದ್ದಿ ನಿಜವಾದ ವರ್ಷ ಹಾಕಿದೊಡನೆ ಆಕೆ ಆ ವಯಸ್ಸಿಗಿಂತ ಚಿಕ್ಕವಳೆಂದು ತಿಳಿದು, ಪೋಷಕರ ಮೇಲ್ವಿಚಾರಣೆ ಜೋಡಿಸಿ ಎಂದು ಗೂಗಲ್ ಕೇಳುತ್ತದೆ. ಅದಕ್ಕೆ 14 ದಿನಗಳ ಕಾಲಾವಕಾಶ. ಜೋಡಿಸಿದರೆ ಖಾತೆ ಉಳಿಯುತ್ತದೆ, ಸುಮ್ಮನಿದ್ದರೆ ನಿಷ್ಕ್ರಿಯವಾಗುತ್ತದೆ. ಕುಟುಂಬದ ಗುಂಪು ಸರಿಯಾದ ಮೇಲೆ, ಅಮ್ಮನ ಫೋನು ಪಕ್ಕದಲ್ಲಿಟ್ಟುಕೊಂಡು ತಿದ್ದಿ. ಈಗಿನಂತೆಯೇ ಬಿಟ್ಟರೆ, ಹನ್ನೊಂದು ವರ್ಷದ ಮಗುವನ್ನು ದೊಡ್ಡವಳೆಂದೇ ನಂಬಿ ದೊಡ್ಡವರ ವಿಡಿಯೊ, ದೊಡ್ಡವರ ಜಾಹೀರಾತುಗಳನ್ನು ತೋರಿಸುತ್ತಾ ಹೋಗುತ್ತದೆ.

ಶ್ರೀನಿವಾಸಪುರದ ಅಮ್ಮ

ಮೇಷ್ಟ್ರು ಗೂಗಲ್‌ನದನ್ನು ಹೇಳಿದ್ದಾರೆ. ನಿಮ್ಮ ಹತ್ತೊಂಬತ್ತು ಆ್ಯಪ್‌ಗಳ ಪಟ್ಟಿಯಲ್ಲಿ ಇನ್‌ಸ್ಟಾಗ್ರಾಂ ಇದ್ದೇ ಇರುತ್ತದೆ ಎಂದುಕೊಂಡು ನನ್ನ ಅನುಭವ ಬರೆಯುತ್ತಿದ್ದೇನೆ, ಏಕೆಂದರೆ ಅದರ ಅನುಮತಿ ಬೇರೆ, ಅದು ಫ್ಯಾಮಿಲಿ ಲಿಂಕ್‌ಗೆ ಸೇರಿದ್ದಲ್ಲ.

ನನ್ನ ಮಗಳಿಗೆ 15. 2025ರ ಫೆಬ್ರವರಿಯಿಂದ ಭಾರತದಲ್ಲೂ ಹದಿಹರೆಯದವರ ಖಾತೆ ಎಂಬುದು ಬಂದಿದೆ. ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ, ಪರಿಚಯವಿಲ್ಲದವರು ಸಂದೇಶ ಕಳಿಸಲಾಗದು, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸೂಚನೆಗಳು ಸದ್ದು ಮಾಡುವುದಿಲ್ಲ, ದಿನಕ್ಕೆ 60 ನಿಮಿಷವಾದ ಮೇಲೆ ಸಾಕು ಎಂದು ನೆನಪಿಸುತ್ತದೆ. 16 ತುಂಬದ ಮಕ್ಕಳು ಇವುಗಳಲ್ಲಿ ಯಾವುದನ್ನಾದರೂ ಸಡಿಲಿಸಬೇಕಾದರೆ ಪೋಷಕರ ಅನುಮತಿ ಬೇಕು. ಅದಕ್ಕಾಗಿ ಪೋಷಕರೂ ಒಂದು ಖಾತೆ ತೆರೆದು ಮಗುವಿನ ಖಾತೆಗೆ ಜೋಡಿಸಿಕೊಳ್ಳಬೇಕು. ಹಾಗೆ ಜೋಡಿಸಿದರೆ ಕಳೆದ ಏಳು ದಿನಗಳಲ್ಲಿ ಮಗು ಯಾರ್‍ಯಾರಿಗೆ ಸಂದೇಶ ಕಳಿಸಿತು ಎಂಬ ಹೆಸರುಗಳು ಕಾಣುತ್ತವೆ. ಏನು ಬರೆದಳು ಎಂಬುದು ಕಾಣುವುದಿಲ್ಲ. ಕಾಣದಿರುವುದೇ ಒಳ್ಳೆಯದು ಎಂದು ನನಗೆ ಈಗ ಅನ್ನಿಸುತ್ತದೆ; ನಮ್ಮ ಕಾಲದಲ್ಲಿ ಗೆಳತಿ ಬರೆದ ಕಾಗದವನ್ನು ಅಣ್ಣ ಒಡೆದು ಓದಿದ್ದಕ್ಕೆ ನಾನು ಮೂರು ದಿನ ಊಟ ಬಿಟ್ಟಿದ್ದೆ.

ನಾನು ಮಾಡಿದ ತಪ್ಪು ನಿಮ್ಮದಕ್ಕಿಂತ ಬೇರೆ. ನನ್ನ ಫೋನು ನನ್ನ ಕೈಯಲ್ಲೇ ಇತ್ತು, ಒತ್ತಿದ ಬೆರಳೂ ನನ್ನದೇ. ಮಾವಿನ ಕಾಲ, ತೋಪಿನಲ್ಲಿ ಕಾಯಿ ಕೀಳಿಸಿ ಮಂಡಿಗೆ ಲೋಡು ತುಂಬಿಸುತ್ತಿದ್ದೆ. ಒಂದು ಕೋರಿಕೆ ಬಂತು, ಅವಳು ಫೋನ್ ಮಾಡಿ 'ಅಮ್ಮ, ಒಂದು ಬಂದಿದೆ, ಓಕೆ ಕೊಡು' ಎಂದಳು, ಕೊಟ್ಟೆ. ಖಾಸಗಿ ಖಾತೆಯನ್ನು ಸಾರ್ವಜನಿಕ ಮಾಡುವ ಕೋರಿಕೆ ಅದು. ಅವಳು ಹಾಕುವ ರಂಗೋಲಿಯ ವಿಡಿಯೊಗಳನ್ನು ಎಲ್ಲರೂ ನೋಡಲಿ ಎಂಬುದಷ್ಟೇ ಅವಳ ಆಸೆ. ಎರಡು ವಾರ ಕಳೆಯುವಷ್ಟರಲ್ಲಿ ರಂಗೋಲಿಯ ಕೆಳಗೆ ರಂಗೋಲಿಗೆ ಸಂಬಂಧವೇ ಇಲ್ಲದ ಮಾತುಗಳನ್ನು ಯಾರೋ ಗಂಡಸರು ಬರೆಯತೊಡಗಿದರು. ಅವಳೇ ತಂದು ತೋರಿಸಿದಳು. ಅದೇ ದಿನ ಮತ್ತೆ ಖಾಸಗಿ ಮಾಡಿದೆವು. ಆದರೆ ಇದನ್ನು ಗಮನಿಸಿ: ಖಾಸಗಿ ಮಾಡಿದ ಮಾತ್ರಕ್ಕೆ, ಸಾರ್ವಜನಿಕವಾಗಿದ್ದಾಗ ಹಿಂಬಾಲಿಸಲು ಸೇರಿಕೊಂಡವರು ಹೊರಗೆ ಹೋಗುವುದಿಲ್ಲ. ರಾತ್ರಿ ಇಬ್ಬರೂ ಕುಳಿತು ಒಂದೊಂದೇ ಹೆಸರನ್ನು ಓದಿ, 'ಇವನು ಯಾರು?', 'ಗೊತ್ತಿಲ್ಲ', 'ತೆಗಿ' ಎಂದು ತೆಗೆದುಹಾಕಿದೆವು. ತೀರಾ ಅಸಹ್ಯವಾದ ಎರಡನ್ನು ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೇನೆ. ಮುಂದುವರಿದರೆ ಸೈಬರ್ ಅಪರಾಧಗಳ ರಾಷ್ಟ್ರೀಯ ಪೋರ್ಟಲ್‌ನಲ್ಲಿ ದೂರು ಕೊಡಬೇಕಾದೀತು ಎಂದು.

ಕೋರಿಕೆ ಬಂದಾಗ ಕೈಯಲ್ಲಿ ಕೆಲಸವಿದ್ದರೆ ಹಾಗೆಯೇ ಬಿಟ್ಟುಬಿಡಿ. ಕಾದರೆ ಯಾವ ಆ್ಯಪೂ ಹಳಸುವುದಿಲ್ಲ.

ಚಿಂತಾಮಣಿಯ ವಕೀಲ

ಕಾನೂನಿನ ಪ್ರಶ್ನೆಗೆ ಉತ್ತರಿಸುತ್ತೇನೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಆಗಸ್ಟ್ 11ರಂದು. ಅದರ ನಿಯಮಗಳು ರಾಜಪತ್ರದಲ್ಲಿ ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮಕ್ಕಳಿಗೆ ಸಂಬಂಧಿಸಿದ 9ನೇ ಕಲಮು ಸೇರಿದಂತೆ ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಗಡುವು ಇರುವುದರಿಂದ ಅವು ಕಂಪನಿಗಳ ಮೇಲೆ ಪೂರ್ತಿಯಾಗಿ ಜಾರಿಯಾಗುವುದು 2027ರ ಮೇ ತಿಂಗಳಲ್ಲಿ.

ಈ ಕಾನೂನಿನಲ್ಲಿ ಮಗು ಎಂದರೆ 18 ತುಂಬದ ಎಲ್ಲರೂ. ಮೇಷ್ಟ್ರು ಹೇಳಿದ 13 ಎಂಬುದು ಕಂಪನಿಯು ತನ್ನ ಖಾತೆಗೆ ಇಟ್ಟುಕೊಂಡ ವಯಸ್ಸು. ನಮ್ಮ ಕಾನೂನಿನ ವಯಸ್ಸಲ್ಲ. ಎರಡನ್ನೂ ಒಂದೇ ಎಂದು ತಿಳಿದು, 13 ಆಯಿತು ಇನ್ನು ಪೋಷಕರಿಗೆ ಮಾತಿಲ್ಲ ಎನ್ನುವವರನ್ನು ನೋಡಿದ್ದೇನೆ. 9ನೇ ಕಲಮಿನ ಪ್ರಕಾರ ಮಗುವಿನ ವೈಯಕ್ತಿಕ ದತ್ತಾಂಶವನ್ನು ಬಳಸುವ ಮುನ್ನ ಕಂಪನಿಯು ಪೋಷಕರಿಂದ ಪರಿಶೀಲಿಸಬಹುದಾದ ಸಮ್ಮತಿ ಪಡೆಯಬೇಕು. ಮಗುವಿನ ಜಾಡು ಹಿಡಿಯುವುದು, ನಡವಳಿಕೆಯ ಮೇಲೆ ನಿಗಾ ಇಡುವುದು, ಮಗುವನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದು ನಿಷಿದ್ಧ. ಶಾಲೆಗಳು ಕಲಿಕೆಗೆ ಮತ್ತು ಮಕ್ಕಳ ಸುರಕ್ಷತೆಗೆ ಬೇಕಾದಷ್ಟು ಮಾಡುವುದಕ್ಕೆ ವಿನಾಯಿತಿ ಇದೆ. ಮಕ್ಕಳ ವಿಷಯದಲ್ಲಿ ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಅದು ಕಂಪನಿಗೆ, ತಂದೆತಾಯಿಗಲ್ಲ.

ಈಗ ನಿಮ್ಮ ಹೆಬ್ಬೆರಳಿನ ಪ್ರಕರಣ. ಸಮ್ಮತಿ ಕೊಡುವವರು ನಿಜಕ್ಕೂ ವಯಸ್ಕರೇ ಎಂಬುದನ್ನು ಕಂಪನಿ ಹೇಗೆ ಖಚಿತಪಡಿಸಿಕೊಳ್ಳಬೇಕೆಂದು ನಿಯಮಗಳು ಹೇಳುತ್ತವೆ: ತನ್ನ ಬಳಿ ಮೊದಲೇ ಇರುವ ನಂಬಲರ್ಹ ಗುರುತಿನ ವಿವರಗಳಿಂದ, ಅಥವಾ ಪೋಷಕರು ತಾವಾಗಿ ಕೊಡುವ ವಿವರಗಳಿಂದ, ಅಥವಾ ಡಿಜಿಲಾಕರ್‌ನಂಥ ಅಧಿಕೃತ ವ್ಯವಸ್ಥೆ ಕೊಡುವ ಟೋಕನ್‌ನಿಂದ, ಅಂದರೆ ಗುರುತು ಮತ್ತು ವಯಸ್ಸನ್ನು ಖಚಿತಪಡಿಸುವ ಡಿಜಿಟಲ್ ಚೀಟಿಯಿಂದ. ಇವೆಲ್ಲವೂ ಖಾತೆ ಯಾರದೆಂದು ಹೇಳಬಲ್ಲವು, ಆ ಕ್ಷಣದಲ್ಲಿ ಫೋನು ಯಾರ ಕೈಯಲ್ಲಿತ್ತು ಎಂದು ಹೇಳಲಾರವು. ಮಗ ಒತ್ತಿದ್ದು ನಿಮ್ಮ ಸಮ್ಮತಿಯಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ದಾಖಲೆಯಲ್ಲಿ ಅದು ನಿಮ್ಮದೆಂದೇ ಇರುವುದರಿಂದ, ಅದರ ಬಗ್ಗೆ ವಾದಿಸುತ್ತಾ ಕೂರುವ ಬದಲು ಸಮ್ಮತಿಯನ್ನು ಹಿಂಪಡೆಯುವುದು ಜಾಣತನ. ಸಮ್ಮತಿ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಅವಕಾಶವಿರಬೇಕೆಂದು 6ನೇ ಕಲಮು ಹೇಳುತ್ತದೆ, ಮಗುವಿನ ಪರವಾಗಿ ಆ ಹಕ್ಕನ್ನು ಚಲಾಯಿಸುವವರು ಪೋಷಕರು. ಬೇಡವಾದ ಆ್ಯಪ್‌ಗಳಿಗೆ ಈಗಲೇ ಬರೆದು, ಇಂಥ ಖಾತೆ ಅಪ್ರಾಪ್ತನದು, ಅಳಿಸಿ ಎಂದು ಕೇಳಿ. ಕಳಿಸಿದ ಮೇಲ್‌ನ ಪ್ರತಿಯನ್ನು ಇಟ್ಟುಕೊಳ್ಳಿ.

ಅಂದಹಾಗೆ, 1999 ಎಂದು ಹಾಕಿದ ಅಂಗಡಿಯ ಹುಡುಗನ ಉಪಕಾರದಿಂದ ನಿಮ್ಮ ಮಗಳಿಗೆ ಈ ಯಾವ ರಕ್ಷಣೆಯೂ ತಲುಪುವುದಿಲ್ಲ. ಕಂಪನಿಯ ಕಣ್ಣಿಗೆ ಆಕೆ ಮಗುವೇ ಅಲ್ಲ.

ಬಟವಾಡಿ ಹುಡುಗ

ನಾನು ತುಮಕೂರಿನ ಬಟವಾಡಿ ಬಡಾವಣೆಯವನು, ತುಮಕೂರಿನಲ್ಲೇ ಇಂಜಿನಿಯರಿಂಗ್ ಓದುತ್ತಿದ್ದೇನೆ, ನನಗೆ 20. ನಾಲ್ಕು ವರ್ಷದ ಹಿಂದೆ ನಾನು ನಿಮ್ಮ ಮಗನ ಜಾಗದಲ್ಲಿದ್ದೆ ಎಂಬ ಒಂದೇ ಅರ್ಹತೆಯಿಂದ ಬರೆಯುತ್ತಿದ್ದೇನೆ.

ಅಂಕಲ್, ನೀವು ಎಲ್ಲ ಕೀಲಿಕೈಗಳನ್ನು ವಾಪಸ್ ತೆಗೆದುಕೊಂಡರೂ ಬಾಗಿಲುಗಳು ಉಳಿದಿರುತ್ತವೆ. ಆ್ಯಪ್ ತಡೆದರೆ ಅದೇ ಸೇವೆ ಬ್ರೌಸರ್‌ನಲ್ಲಿ ತೆರೆಯುತ್ತದೆ. ವೆಬ್‌ಸೈಟನ್ನು ಬೇರೆಯಾಗಿ ತಡೆಯಬೇಕು, ಆ ತಡೆಯೂ ಕ್ರೋಮ್‌ಗೆ ಮಾತ್ರ ಅನ್ವಯಿಸುವುದರಿಂದ ಬೇರೆ ಬ್ರೌಸರ್‌ಗಳನ್ನೂ ತಡೆಯಬೇಕು. ಮನೆಯ ಸ್ಮಾರ್ಟ್ ಟಿವಿಯಲ್ಲಿ ನಿಮ್ಮ ಖಾತೆಯೇ ಇದ್ದರೆ ಯೂಟ್ಯೂಬ್ ಅಲ್ಲಿ ಧಾರಾಳ. ಗೆಳೆಯನ ಹಳೆಯ ಫೋನೊಂದು ಬ್ಯಾಗಿನಲ್ಲಿ ಓಡಾಡುತ್ತಿರುತ್ತದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಹತ್ತೊಂಬತ್ತು ಆ್ಯಪ್‌ಗಳನ್ನು ಒಂದೇ ರಾತ್ರಿ ತಡೆದರೆ ಬೆಳಿಗ್ಗೆ ಅವನು ಹುಡುಕುವುದು ಇಪ್ಪತ್ತನೆಯ ದಾರಿಯನ್ನು. ಅವನ ಜೊತೆ ಕುಳಿತು ಪಟ್ಟಿ ಓದಿ. ನನ್ನ ಪಟ್ಟಿಯನ್ನು ಅಪ್ಪ ಓದಿದಾಗ ಅರ್ಧಕ್ಕೂ ಹೆಚ್ಚು ಆ್ಯಪ್‌ಗಳನ್ನು ನಾನೇ ಬೇಡವೆಂದೆ; ಅವು ಫೋನಿನಲ್ಲಿ ಇವೆಯೆಂಬುದೇ ಮರೆತಿತ್ತು.

ಇನ್ನೊಂದು ವಿನಂತಿ. ಫೋನು ಎಲ್ಲಿದೆ ಎಂದು ತೋರಿಸುವ ಸ್ಥಳದ ಆಯ್ಕೆಯನ್ನು ಅವನಿಗೆ ಹೇಳದೆ ಹಾಕಬೇಡಿ. ಅಮಾನಿಕೆರೆಯ ಏರಿಯ ಮೇಲೆ ಗೆಳೆಯರೊಡನೆ ಕುಳಿತಿದ್ದಾಗ 'ಕೆರೆಯ ಹತ್ತಿರ ಏನು ಕೆಲಸ' ಎಂದು ಅಪ್ಪನ ಫೋನು ಬಂದದ್ದು ನನಗೆ ಇವತ್ತಿಗೂ ಚುಚ್ಚುತ್ತದೆ.

ತುಮಕೂರಿನ ಕಂಪ್ಯೂಟರ್ ಮೇಷ್ಟ್ರು

ಬ್ರೌಸರ್‌ನ ಮಾತನ್ನು ಒಪ್ಪುತ್ತೇನೆ, ನಾನು ಬರೆಯಲು ಮರೆತಿದ್ದೆ. ಸ್ಥಳದ ಬಗ್ಗೆ ಅರ್ಧ ಮಾತ್ರ ಒಪ್ಪುತ್ತೇನೆ. ಸಂಜೆ ಕೊನೆಯ ಬಸ್ಸಿಗೆ ಹಳ್ಳಿಗೆ ಹಿಂತಿರುಗುವ ಮಕ್ಕಳ ಪೋಷಕರಿಗೆ ಅದು ಬೇಕು. ಆದರೆ ಹೇಳದೆ ಹಾಕಬಾರದು ಎಂಬುದು ಸರಿ. ಮೇಲ್ವಿಚಾರಣೆ ಇದೆ ಎಂಬುದೂ, ಪೋಷಕರಿಗೆ ಏನೇನು ಕಾಣುತ್ತದೆ ಎಂಬುದೂ ಮಗುವಿನ ಫೋನಿನಲ್ಲೇ ನೋಡಲು ಸಿಗುತ್ತದೆ. ಆ ಪುಟವನ್ನು ಮಗನ ಜೊತೆಯಲ್ಲೇ ತೆರೆದು ಓದಿ. ಫ್ಯಾಮಿಲಿ ಲಿಂಕ್ ಅವನ ಸಂದೇಶಗಳನ್ನು ನಿಮಗೆ ತೋರಿಸುವುದಿಲ್ಲ, ಪರದೆಯನ್ನೂ ತೋರಿಸುವುದಿಲ್ಲ. ಅಪ್ಪ ಎಲ್ಲವನ್ನೂ ಓದುತ್ತಾನೆ ಎಂಬ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಮಕ್ಕಳು ಕಳ್ಳದಾರಿ ಹುಡುಕುತ್ತವೆ.

ಶಿಡ್ಲಘಟ್ಟದ ರೀಲರ್

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ, ಆದದ್ದನ್ನು ಆದ ಹಾಗೆ.

ಮೇಷ್ಟ್ರು ಹೇಳಿದ ಕ್ರಮದಲ್ಲಿಯೇ ಮಾಡಿದೆ. ನನ್ನ ಸಾಧನಗಳ ಪಟ್ಟಿಯಲ್ಲಿ ನಾನು ಗುರುತಿಸಲಾಗದ ಒಂದು ಫೋನಿತ್ತು. ಎರಡು ವರ್ಷದ ಹಿಂದೆ ಮಾರಿದ ನನ್ನದೇ ಹಳೆಯ ಫೋನು. ಅದನ್ನು ಹೊರಹಾಕಿದೆ. ಪೋಷಕನ ಖಾತೆ ಈಗ ನನ್ನ ಹೆಂಡತಿಯ ಫೋನಿನಲ್ಲಿದೆ, ಆಕೆಯ ಖಾತೆಗೂ ಪೋಷಕರ ಸ್ಥಾನ ಕೊಟ್ಟಿದ್ದೇವೆ. ಹರಾಜಿನ ಫೋನಿಗೆ ಬೇರೆ ಖಾತೆ. 'ಬೆರಳಚ್ಚು 2' ಅಲ್ಲಿಯೇ ಇದೆ, ಅದರ ಹೆಸರನ್ನು ಮಾತ್ರ ಬದಲಾಯಿಸಿ ಮಗನ ಹೆಸರು ಬರೆದಿದ್ದೇನೆ. ಮಗಳ ಹುಟ್ಟಿದ ವರ್ಷವನ್ನು ತಿದ್ದಿದ ದಿನವೇ ಮೇಲ್ವಿಚಾರಣೆಯನ್ನೂ ಜೋಡಿಸಿದ್ದರಿಂದ ಹದಿನಾಲ್ಕು ದಿನ ಕಾಯುವ ಪ್ರಮೇಯ ಬರಲಿಲ್ಲ. ಅವಳು ನೋಡುತ್ತಿದ್ದ ಕೆಲವು ವಿಡಿಯೊಗಳು ಈಗ ತೆರೆಯುತ್ತಿಲ್ಲವೆಂದು ಎರಡು ದಿನ ಮುನಿಸಿಕೊಂಡಿದ್ದಳು.

ಮಗನೊಡನೆ ಪಟ್ಟಿ ಓದಿದ್ದೇ ಕಷ್ಟದ ಕೆಲಸ. ಮೊದಲು ಅವನು ತಲೆ ಎತ್ತಲಿಲ್ಲ. ಆಮೇಲೆ, ನಾನೇ ಕೋರಿಕೆಗಳಿಗೆ ಉತ್ತರ ಕೊಡುತ್ತಿರಲಿಲ್ಲ, ಶಾಲೆಯವರು ಹೇಳಿದ ಒಂದು ಆ್ಯಪ್‌ಗೆ ನಾಲ್ಕು ದಿನ ಕಾದು, ಕೊನೆಗೆ ನಾನು ಮಲಗಿದ್ದಾಗ ತಾನೇ ಒತ್ತಿಕೊಂಡೆ ಎಂದ. ಹಳೆಯ ಸೂಚನೆಗಳನ್ನು ನೋಡಿದರೆ ಅವನು ಹೇಳಿದ್ದು ಸುಳ್ಳಲ್ಲ; ಗೂಡಿನ ದರ ಏರುತ್ತಿದ್ದ ವಾರ ಅದು, ನಾನು ಫೋನಿನಲ್ಲಿ ಬೇರೇನನ್ನೂ ನೋಡುತ್ತಿರಲಿಲ್ಲ. ಮೊದಲ ಆ್ಯಪ್ ಹಾಗೆ ಹೋಯಿತು, ಉಳಿದ ಹದಿನೆಂಟಕ್ಕೆ ಆ ನೆಪವೂ ಬೇಕಾಗಲಿಲ್ಲ. ಬಟವಾಡಿಯ ತಮ್ಮ ಹೇಳಿದಂತೆಯೇ ಹನ್ನೊಂದನ್ನು ಅವನೇ ತೆಗೆದ. ಐದನ್ನು ಉಳಿಸಿಕೊಂಡಿದ್ದಾನೆ. ಮೂರರ ಬಗ್ಗೆ ನಮ್ಮಿಬ್ಬರಿಗೂ ಒಮ್ಮತವಾಗಲಿಲ್ಲ, ಅವನ್ನು ತಡೆಹಿಡಿದಿದ್ದೇನೆ. ವಕೀಲರು ಹೇಳಿದಂತೆ ಆ ಮೂರೂ ಕಂಪನಿಗಳಿಗೆ ಮೇಲ್ ಕಳಿಸಿದೆ, ಒಂದರಿಂದ ಖಾತೆ ಅಳಿಸಿದ್ದಾಗಿ ಉತ್ತರ ಬಂದಿದೆ. ರಾತ್ರಿಯ ಸಮಯ ಈಗ 10. ಅವನು 11 ಕೇಳಿದ್ದ, ನಾನು 9 ಅಂದಿದ್ದೆ.

ನಿನ್ನೆ ಸಂಜೆ ಮೊದಲ ಕೋರಿಕೆ ಹೆಂಡತಿಯ ಫೋನಿಗೆ ಬಂತು. ಆಕೆ ಬೇಸಿನ್ನಿನ ಮುಂದಿದ್ದಳು, ಎರಡೂ ಕೈ ನೀರಿನಲ್ಲಿ. ಫೋನು ಕಿಟಕಿಯ ಮೇಲೆ ಸದ್ದು ಮಾಡಿ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಮಗನೇ ಶೆಡ್ಡಿನ ಬಾಗಿಲಿಗೆ ಬಂದು ನಿಂತ. ಅದು ಯಾವ ಆ್ಯಪ್, ಯಾಕೆ ಬೇಕು ಎಂದು ಆವಿಯ ನಡುವೆ ಜೋರಾಗಿ ಹೇಳುತ್ತಿದ್ದ. ಆಕೆ ಈ ಬುಟ್ಟಿ ಮುಗಿಯಲಿ, ಕೈ ಒರೆಸಿಕೊಂಡು ಓದಿ ನೋಡುತ್ತೇನೆ ಎಂದಳು. ಅವನು ಹೋಗಲಿಲ್ಲ. ಒಂದು ಮಣೆ ಎಳೆದುಕೊಂಡು ಅಲ್ಲಿಯೇ ಕುಳಿತ.